ಬೆರಕೆಯೆಂಬ ಆಕ್ಷೇಪ: ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಆಡುಮಾತನ್ನು ಕುರಿತು

ಕೆಲವು ವರ್ಷಗಳ ಹಿಂದೆ ಪದವಿ ತರಗತಿಯ ಪ್ರಬಂಧಗಳನ್ನು ತಿದ್ದುತ್ತಿದ್ದಾಗ, ಹಾನಗಲ್ಲ ಸೀಮೆಯಿಂದ ಬಂದ ವಿದ್ಯಾರ್ಥಿಯೊಬ್ಬನ ಬರವಣಿಗೆಯಲ್ಲಿ ಒಂದು ವಾಕ್ಯ ನಮ್ಮ ಕಣ್ಣಿಗೆ ಬಿದ್ದಿತು: ‘ಲಿಲಾವಿನಲ್ಲಿ ಫಸಲಿಗೆ ಕಿಮ್ಮತ್ತು ಬರೋಬ್ಬರಿ ಬರದೆ ರೈತನು ಹೈರಾಣಾದನು.’ ನಮ್ಮ ಕೈಯಲ್ಲಿದ್ದ ಕೆಂಪು ಲೇಖನಿ ತಡಮಾಡಲಿಲ್ಲ. ‘ಲಿಲಾವ’ನ್ನು ಹೊಡೆದು ‘ಹರಾಜು’ ಎಂದೂ, ‘ಕಿಮ್ಮತ್ತ’ನ್ನು ಹೊಡೆದು ‘ಬೆಲೆ’ ಎಂದೂ, ‘ಬರೋಬ್ಬರಿ’ಯ ಸ್ಥಾನದಲ್ಲಿ ‘ಸರಿಯಾಗಿ’ ಎಂದೂ, ‘ಹೈರಾಣಾದನು’ ಎಂಬಲ್ಲಿ ‘ಬಳಲಿದನು’ ಎಂದೂ ಬರೆದು, ಅಂಚಿನಲ್ಲಿ ‘ಗ್ರಾಮ್ಯ, ಬೆರಕೆ’ ಎಂಬ ಎರಡು ಮಾತುಗಳನ್ನು ಸೇರಿಸಿ ಮುಂದಿನ ಹಾಳೆಗೆ ಹೋದೆವು. ಹಾಳೆಗಳನ್ನು ಹಿಂದಿರುಗಿಸಿದ ದಿನ ಆ ವಿದ್ಯಾರ್ಥಿ ಬಾಗಿಲ ಬಳಿ ನಿಂತು, ‘ನಮ್ಮೂರಾಗ ಯಾರೂ ಹರಾಜು ಅನ್ನೂದಿಲ್ರೀ ಸರ. ಹರಾಜು ಅನ್ನೂದು ನಮ್ಮ ಮಾತೇನ್ರೀ?’ ಎಂದು ಕೇಳಿದನು. ಅವನ ಧ್ವನಿಯಲ್ಲಿ ಉದ್ಧಟತನವಿರಲಿಲ್ಲ. ತಿಳಿಯಬೇಕೆಂಬ ಬಯಕೆ ಇದ್ದಿತು.

ಉತ್ತರಕ್ಕಾಗಿ ನಿಘಂಟುಗಳನ್ನು ತೆರೆದು ನೋಡಿದಾಗ ನಾವು ಮಾಡಿದ ಕೆಲಸದ ಸ್ವರೂಪ ನಮಗೇ ತಿಳಿಯಿತು. ‘ಲಿಲಾವು’ ಪೋರ್ತುಗೀಜ ಭಾಷೆಯ ‘ಲೆಯ್ಲಾಂವ್’ ಎಂಬುದರಿಂದ ಹೊರಟು ಮರಾಠಿಯ ಮೂಲಕ ಇಲ್ಲಿಗೆ ಬಂದ ಮಾತು. ನಾವು ಶುದ್ಧವೆಂದು ಅದರ ಜಾಗದಲ್ಲಿ ಕೂಡಿಸಿದ ‘ಹರಾಜು’ ಅರಬ್ಬಿಯಿಂದ ಹೊರಟು ಹಿಂದೂಸ್ತಾನಿಯ ಮೂಲಕ ಬಂದುದು. ಎಂದರೆ, ಒಬ್ಬ ಪರದೇಶಿಯನ್ನು ಹೊರಗೆ ಹಾಕಿ ಇನ್ನೊಬ್ಬ ಪರದೇಶಿಗೆ ಮಣೆ ಹಾಕಿದ್ದೆವು. ಅಷ್ಟೇ ಅಲ್ಲ, ಅದೇ ವಾಕ್ಯದ ‘ಫಸಲು’ ಮತ್ತು ‘ರೈತ’ ಇವೆರಡೂ ಅರಬ್ಬಿ ಮೂಲದವು. ಅವುಗಳ ಮೇಲೆ ನಮ್ಮ ಗೆರೆ ಬಿದ್ದಿರಲಿಲ್ಲ. ಅನ್ಯದೇಶ್ಯವೆಂಬ ಕಾರಣಕ್ಕಾಗಿ ನಾವು ತಿದ್ದಿದ್ದರೆ ‘ರೈತ’ನನ್ನು ಮೊದಲು ಹೊಡೆಯಬೇಕಾಗಿತ್ತು. ನಾವು ತಿದ್ದಿದ್ದು ಮಾತಿನ ಕುಲವನ್ನಲ್ಲ, ಅದನ್ನು ಆಡುವ ಸೀಮೆಯನ್ನು. ಮೈಸೂರು ಕಡೆಯ ಪಠ್ಯಪುಸ್ತಕದಲ್ಲಿ ಸ್ಥಾನ ಪಡೆದ ಎರವಲು ಕನ್ನಡವೆನಿಸಿತು. ಹಾನಗಲ್ಲಿನ ಪೇಟೆಯಲ್ಲಿ ಉಳಿದ ಎರವಲು ಬೆರಕೆಯೆನಿಸಿತು. ಈ ಲೇಖನವು ಆ ತಪ್ಪಿನ ಪರಿಶೀಲನೆಯಾಗಿದೆ.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳು 1997ರಿಂದ ಹಾವೇರಿ ಜಿಲ್ಲೆಗೆ ಸೇರಿವೆ. ಅದಕ್ಕೆ ಮೊದಲು ಧಾರವಾಡ ಜಿಲ್ಲೆಯ ದಕ್ಷಿಣ ಭಾಗವಾಗಿದ್ದವು. ಇಲ್ಲಿಯ ಮಾತಿನಲ್ಲಿ ಹೊರಗಿನ ಪದಗಳು ಇಷ್ಟು ಸೇರಿದುದಕ್ಕೆ ಕಾರಣಗಳನ್ನು ದೂರ ಹುಡುಕಬೇಕಾಗಿಲ್ಲ. ಬಿಜಾಪುರದ ಆದಿಲಶಾಹಿ, ಅದರ ತರುವಾಯ ಬಂಕಾಪುರ-ಸವಣೂರುಗಳ ಪಠಾಣ ನವಾಬರು, ಅವರೊಡನೆ ಕಾದಾಡುತ್ತ ಕೂಡುತ್ತ ಬಂದ ಪೇಶವೆಯರು, 1818ರ ಬಳಿಕ ಕುಂಪಣಿಯ ಮುಂಬಯಿ ಸರಕಾರ—ಇಷ್ಟು ಆಳಿಕೆಗಳು ಈ ಸಣ್ಣ ಪ್ರದೇಶದ ಮೇಲೆ ಹಾದುಹೋಗಿವೆ. ಸವಣೂರು ಸಂಸ್ಥಾನವಂತೂ 1948ರಲ್ಲಿ ವಿಲೀನವಾಗುವ ತನಕ ತನ್ನದೇ ದರ್ಬಾರನ್ನು ಇಟ್ಟುಕೊಂಡಿದ್ದಿತು. ಹಿರೇಕೆರೂರಿನ ತೆಂಕಣ ಎಲ್ಲೆ ಶಿಕಾರಿಪುರ. 1956ರವರೆಗೆ ಅದು ಎರಡು ರಾಜ್ಯಗಳ ಗಡಿ. ಗಡಿಯ ಈಚೆಗೆ ತಾಲೂಕಿನ ಅಧಿಕಾರಿ ‘ಮಾಮಲೇದಾರ’, ಆಚೆಗೆ ‘ಅಮಲ್ದಾರ’. ಈಚೆಗೆ ಹಳ್ಳಿಯ ಲೆಕ್ಕದವನು ಕುಲಕರ್ಣಿ ಅಥವಾ ‘ತಲಾಠಿ’, ಆಚೆಗೆ ಶಾನುಭೋಗ. ಎರಡೂ ಕಡೆಯ ಒಕ್ಕಲಿಗನು ಒಂದೇ ಕನ್ನಡದಲ್ಲಿ ಅಳುತ್ತಿದ್ದನು. ಅಳಲನ್ನು ಕೇಳಬೇಕಾದವನ ಹೆಸರು ಮಾತ್ರ ಬೇರೆ. ಮಾಮಲೇದಾರನೂ ಅಮಲ್ದಾರನೂ ಅರಬ್ಬಿ ಶಬ್ದಕ್ಕೆ ಪಾರಸಿಯ ‘ದಾರ’ ಪ್ರತ್ಯಯ ಹತ್ತಿ ಆದವರೇ. ಆದರೂ ಮೊದಲನೆಯದು ‘ಮರಾಠಿ ಪ್ರಭಾವ’ವೆಂದು ಎಣಿಕೆಗೆ ಬರುತ್ತದೆ, ಎರಡನೆಯದು ಮೈಸೂರಿನ ಸಹಜ ಮಾತೆನ್ನಿಸಿಕೊಳ್ಳುತ್ತದೆ.

ಈ ಸೀಮೆಯ ಭಾಷಾಪ್ರತಿಷ್ಠೆ ಹಿಂದೆ ಹೀಗಿರಲಿಲ್ಲ. 9ನೆಯ ಶತಮಾನದ ಕವಿರಾಜಮಾರ್ಗವು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನಾಡನ್ನು ಕನ್ನಡದ ತಿರುಳೆಂದು ಎಣಿಸಿತು. ಪಂಪನು ತನ್ನ ಕಾವ್ಯದ ಭಾಷೆಗೆ ಪುಲಿಗೆರೆಯ ತಿರುಳುಗನ್ನಡವನ್ನು ಆಧಾರವಾಗಿ ಹೇಳಿಕೊಂಡನು. ಪುಲಿಗೆರೆಯೆಂದರೆ ಇಂದಿನ ಲಕ್ಷ್ಮೇಶ್ವರ. ಸವಣೂರು ಶಿಗ್ಗಾಂವಿಗಳ ನೆರೆಯ ಊರು. ಅಂದು ಮಾದರಿಯಾಗಿದ್ದ ನೆರೆಹೊರೆಯ ಮಾತೇ ಇಂದು ತಿದ್ದುವ ಮಾತಾಯಿತೆಂಬುದು ಯೋಚಿಸತಕ್ಕ ಸಂಗತಿ. ಅದೇ ಗ್ರಂಥವು ಕನ್ನಡದ ದೇಸಿಗಳು ಅಸಂಖ್ಯವೆಂದೂ, ಸಾವಿರ ನಾಲಗೆಯ ವಾಸುಕಿಗೂ ಅವನ್ನೆಲ್ಲ ಅರಿತು ಹೇಳುವುದು ಬೇಸರದ ಕೆಲಸವೆಂದೂ ಹೇಳಿತ್ತು. ನಮ್ಮ ಕೆಂಪು ಲೇಖನಿಗೆ ಆ ಬೇಸರವೂ ಇಲ್ಲ. ಬೆರಕೆಯ ಮೇಲಿನ ಸಿಟ್ಟೂ ಹಳೆಯದೇ. ಇದೇ ನಾಡಿನ ಮುಳುಗುಂದದ ನಯಸೇನನು 12ನೆಯ ಶತಮಾನದಲ್ಲಿ ಕನ್ನಡಕ್ಕೆ ಸಂಸ್ಕೃತವನ್ನು ಬೆರಸುವವರನ್ನು ಕುರಿತು ತುಪ್ಪಕ್ಕೆ ಎಣ್ಣೆ ಬೆರಸುವಿರಾ ಎಂದು ಕೇಳಿದನು. ಆದರೆ ನಯಸೇನನ ಆಕ್ಷೇಪ ಪಂಡಿತನ ಮೇಲೆ ಇದ್ದಿತು, ಒಕ್ಕಲಿಗನ ಮೇಲಲ್ಲ. ಬಾಯಿಗೆ ಬಾರದ ಸಂಸ್ಕೃತವನ್ನು ಪ್ರದರ್ಶನಕ್ಕಾಗಿ ತರುವವನೇ ಅವನ ಗುರಿ. ‘ಹೈರಾಣ’ ಎನ್ನುವವನು ಏನನ್ನೂ ಪ್ರದರ್ಶಿಸುತ್ತಿಲ್ಲ. ಅವನಿಗೆ ಅದು ಎರವಲೆಂಬ ಅರಿವೂ ಇಲ್ಲ.

ಇನ್ನು ಈ ಮಾತುಗಳ ನಡೆವಳಿಕೆಯನ್ನು ನೋಡೋಣ. ಶಾಲೆಯ ವ್ಯಾಕರಣವು ಶಬ್ದಗಳನ್ನು ದೇಶ್ಯ, ತತ್ಸಮ, ತದ್ಭವ, ಅನ್ಯದೇಶ್ಯ ಎಂದು ನಾಲ್ಕಾಗಿ ವಿಂಗಡಿಸಿ, ಕಚೇರಿ, ಸಾಬೂನುಗಳನ್ನು ಕೊನೆಯ ಕೋಣೆಗೆ ನೂಕಿ ಬಾಗಿಲು ಹಾಕುತ್ತದೆ. ಸಂಸ್ಕೃತದಿಂದ ಬಂದು ರೂಪ ಬದಲಿಸಿದರೆ ತದ್ಭವವೆಂಬ ಗೌರವ. ಪಾರಸಿಯಿಂದ ಬಂದು ಅದೇ ರೀತಿ ಬದಲಿಸಿದರೆ ಅನ್ಯದೇಶ್ಯವೆಂಬ ಹಣೆಪಟ್ಟಿ. ಕೇಶಿರಾಜನು ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣದಲ್ಲಿ ಸಂಸ್ಕೃತ ಶಬ್ದಗಳು ಕನ್ನಡದ ಬಾಯಿಗೆ ಒಗ್ಗುವ ಬಗೆಯನ್ನು ಸೂತ್ರಬದ್ಧಗೊಳಿಸಿದ್ದಾನೆ. ಅದೇ ಬಗೆಯ ಸೂತ್ರಗಳನ್ನು ಹಿರೇಕೆರೂರಿನ ಸಂತೆಯಲ್ಲಿ ನಿಂತು ಬರೆದುಕೊಳ್ಳಬಹುದು. ವ್ಯಂಜನಾಂತವಾದ ಸಂಸ್ಕೃತದ ‘ಸಂಪತ್’ ಕನ್ನಡದಲ್ಲಿ ತಕಾರವನ್ನು ಇಮ್ಮಡಿಸಿಕೊಂಡು ಉಕಾರವನ್ನು ಪಡೆದು ‘ಸಂಪತ್ತು’ ಆಯಿತು, ‘ವಿಪತ್’ ‘ವಿಪತ್ತು’ ಆಯಿತು. ಅರಬ್ಬಿ ಮೂಲದ ‘ಕೀಮತ್’ ಆ ದಾರಿಯಲ್ಲಿಯೇ ನಡೆದು ‘ಕಿಮ್ಮತ್ತು’ ಆಯಿತು. ‘ತಾಕತ್ತು’, ‘ದೌಲತ್ತು’, ‘ಹಿಕಮತ್ತು’ಗಳೂ ಹಾಗೆಯೇ. ಸಂಸ್ಕೃತದ ‘ಧ್ವನಿ’ ದನಿಯಾಗುವಾಗ ಮಹಾಪ್ರಾಣವನ್ನು ಕಳೆದುಕೊಂಡಂತೆ, ಹಳ್ಳಿಗನ ಬಾಯಲ್ಲಿ ‘ಖರ್ಚು’ ‘ಕರ್ಚು’ ಆಗುತ್ತದೆ, ‘ಖಾಲಿ’ ‘ಕಾಲಿ’ಯಾಗುತ್ತದೆ. ‘ಮನೆ’ ‘ಮನಿ’ಯಾಗಿ ‘ಎಲೆ’ ‘ಎಲಿ’ಯಾಗುವ ಈ ಸೀಮೆಯಲ್ಲಿ ‘ದವಾಖಾನೆ’ ‘ದವಾಖಾನಿ’ಯಾಗದೆ ಇರುವುದಿಲ್ಲ. ಹೊರಗಿನ ಧಾತುಗಳು ‘ಇಸು’ ಪ್ರತ್ಯಯ ಹತ್ತಿಸಿಕೊಂಡು ‘ಚಲಾಯಿಸು’, ‘ಜಮಾಯಿಸು’, ‘ಠರಾಯಿಸು’ ಎಂದು ಕನ್ನಡದ ಕ್ರಿಯಾಪದಗಳಾಗಿ ಸಂಸಾರ ಮಾಡುತ್ತವೆ. ‘ಬದಲಾಯಿಸು’ ಎಂಬುದನ್ನು ಇಂದು ಯಾವ ಅಧ್ಯಾಪಕನು ಬೆರಕೆಯೆನ್ನುವನು? ‘ಕಾಗದಪತ್ರ’ವೆಂಬಲ್ಲಿ ಪಾರಸಿಯೂ ಸಂಸ್ಕೃತವೂ ಒಂದೇ ಅರ್ಥವನ್ನು ಎರಡು ಬಾರಿ ಹೇಳುತ್ತವೆ, ನಮ್ಮ ಸಂವಿಧಾನದ ‘ಮೂಲಭೂತ ಹಕ್ಕು’ಗಳಲ್ಲಿ ಹಕ್ಕು ಅರಬ್ಬಿಯದು.

ರೂಪಕ್ಕಿಂತ ಅರ್ಥದ ಕಡೆಗೆ ಬಂದರೆ ಮಾತು ಇನ್ನೂ ಸ್ವಾರಸ್ಯವಾಗುತ್ತದೆ. ಅರಬ್ಬಿಯ ‘ಹೈರಾನ್’ ಎಂದರೆ ದಿಗ್ಭ್ರಮೆಗೊಂಡವನು. ಮರಾಠಿಯಲ್ಲಿ ಅದು ಪೀಡೆಗೆ ಒಳಗಾದವನೆಂಬ ಅರ್ಥವನ್ನು ತಾಳಿತು. ಹಾನಗಲ್ಲ ಸೀಮೆಯ ‘ಹೈರಾಣಾ’ಗುವಿಕೆಯಲ್ಲಿ ದಣಿವೂ ಇದೆ, ಅಲೆದಾಟವೂ ಇದೆ, ತನ್ನ ತಪ್ಪಿಲ್ಲದೆ ಇನ್ನೊಬ್ಬರಿಂದ ಸತಾಯಿಸಲ್ಪಟ್ಟೆನೆಂಬ ಅಳಲೂ ಇದೆ. ಹೊಲದಲ್ಲಿ ದುಡಿದು ಬಂದವನು ಬಳಲುತ್ತಾನೆ; ಕಚೇರಿಯಿಂದ ಕಚೇರಿಗೆ ತಿರುಗಿ ಬಂದವನು ಹೈರಾಣಾಗುತ್ತಾನೆ. ನಾವು ‘ಬಳಲಿದನು’ ಎಂದು ತಿದ್ದಿದಾಗ ವಿದ್ಯಾರ್ಥಿಯ ವಾಕ್ಯದೊಳಗಿನ ದೂರನ್ನೇ ಅಳಿಸಿಹಾಕಿದ್ದೆವು: ಬೆಲೆ ಇಳಿದುದಕ್ಕೆ ಹೊಣೆಗಾರರು ಯಾರೋ ಇದ್ದಾರೆಂಬ ಸೂಚನೆ ಮೂಲದಲ್ಲಿ ಇದ್ದಿತು, ತಿದ್ದುಪಡಿಯಲ್ಲಿ ಉಳಿಯಲಿಲ್ಲ. ‘ಕಿಮ್ಮತ್ತು’ ಸಹ ಬರಿಯ ಬೆಲೆಯಲ್ಲ. ‘ಅವನ ಮಾತಿಗೆ ಕಿಮ್ಮತ್ತಿಲ್ಲ’ ಎಂಬಲ್ಲಿ ಅದು ಮರ್ಯಾದೆ. ಫಸಲಿಗೆ ಕಿಮ್ಮತ್ತು ಬಾರದಿದ್ದಾಗ ಬೆಳೆದವನಿಗೂ ಬಾರಲಿಲ್ಲವೆಂಬ ಧ್ವನಿ ಹಿಂದೆ ನಿಂತಿರುತ್ತದೆ. ಅರಬ್ಬಿಯಲ್ಲಿ ‘ತಕರಾರು’ ಎಂದರೆ ಪುನರುಕ್ತಿ. ಒಂದೇ ಮಾತನ್ನು ಮತ್ತೆ ಮತ್ತೆ ಹೇಳುವುದು ಜಗಳಕ್ಕೆ ಮೊದಲೆಂಬುದನ್ನು ಕಂಡು ನಮ್ಮ ಜನ ಅದನ್ನು ಆಕ್ಷೇಪದ ಹೆಸರಾಗಿ ಇಟ್ಟುಕೊಂಡಿದ್ದಾರೆ. ಮರಾಠಿಯ ‘ಖರೇ’ ಎಂದರೆ ನಿಜ. ಇಲ್ಲಿಯವರು ಅದಕ್ಕೆ ಇನ್ನೊಂದು ಕೆಲಸವನ್ನೂ ಒಪ್ಪಿಸಿದ್ದಾರೆ: ‘ಹೋಗಿದ್ದೆ ಖರೇ, ಅಂವ ಸಿಗಲಿಲ್ಲ’ ಎಂಬಲ್ಲಿ ಅದು ‘ಆದರೆ’ ಎಂಬ ಅವ್ಯಯದ ಭಾರವನ್ನು ಹೊರುತ್ತದೆ. ನಿಜವನ್ನು ಒಪ್ಪಿಕೊಂಡೇ ಅದರ ವಿಫಲತೆಯನ್ನು ಹೇಳುವ ಈ ಸಂಕ್ಷೇಪ ಗ್ರಂಥಭಾಷೆಯಲ್ಲಿ ಎರಡು ವಾಕ್ಯಗಳನ್ನು ಬೇಡುತ್ತದೆ. ‘ಪಗಾರ’ದ ಕಥೆ ಬಲ್ಲವರಿಗೆ ಹೊಸದಲ್ಲ, ಪೋರ್ತುಗೀಜರ ಸಂದಾಯದ ಕ್ರಿಯಾಪದ ಮರಾಠಿಯಲ್ಲಿ ನಾಮಪದವಾಗಿ, ನಮ್ಮಲ್ಲಿ ತಿಂಗಳ ಮೊದಲ ದಿನದ ಸಂತೋಷವಾಯಿತು.

ಕೊಳುಕೊಡೆ ಒಮ್ಮುಖವಾಗಿರಲಿಲ್ಲ. ಸವಣೂರಿನ ಮುಸಲ್ಮಾನ ಮನೆಗಳ ದಖನಿಯಲ್ಲಿ ‘ನಕ್ಕೋ’ ಎಂಬ ನಿಷೇಧ ಮರಾಠಿಯದು. ಮಾತನ್ನು ಉದ್ಧರಿಸಿ ಕೊನೆಗೆ ‘ಬೋಲ್ಕೆ’ ಎನ್ನುವ ಕ್ರಮ ನಮ್ಮ ‘ಎಂದು’, ‘ಅಂತ’ಗಳ ಜಾಡಿನದು. ಪದ ಉರ್ದುವಿನದು, ವಾಕ್ಯದ ಎಲುಬು ದ್ರಾವಿಡದ್ದು. ಸಾಂಗಲಿ ಜಿಲ್ಲೆಯ ಕುಪವಾಡವೆಂಬ ಗ್ರಾಮದಲ್ಲಿ ಕನ್ನಡ, ಮರಾಠಿ, ಉರ್ದುಗಳು ಒಟ್ಟಿಗೆ ಬಾಳುವುದನ್ನು ಜಾನ್ ಗಂಪರ್ಜ್, ರಾಬರ್ಟ್ ವಿಲ್ಸನ್ ಇಬ್ಬರೂ ಪರಿಶೀಲಿಸಿ 1971ರಲ್ಲಿ ಪ್ರಕಟಿಸಿದ ಲೇಖನ ಭಾಷಾವಿಜ್ಞಾನಿಗಳಿಗೆ ಸುಪರಿಚಿತ. ಮೂರರ ವಾಕ್ಯರಚನೆಯೂ ಒಂದೇ ಅಚ್ಚಿಗೆ ಇಳಿದಿದ್ದು, ಪದಕ್ಕೆ ಪದವಿಟ್ಟರೆ ಅನುವಾದವೇ ಆಗುವಷ್ಟು ಸಾಮ್ಯವನ್ನು ಅವರು ಕಂಡರು. ನಮ್ಮ ನಾಲ್ಕು ತಾಲೂಕುಗಳಲ್ಲಿ ಕನ್ನಡದ ವಾಕ್ಯ ಅಷ್ಟು ಬದಲಾಗಿಲ್ಲ. ಇಲ್ಲಿ ಬಂದವು ಹೆಚ್ಚಾಗಿ ಪದಗಳು. ಅವು ಎಲ್ಲ ಮನೆಗಳಿಗೂ ಸಮನಾಗಿ ಬರಲಿಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು. ಚಿಕ್ಕಪ್ಪನನ್ನು ‘ಕಾಕಾ’ ಎನ್ನುವ ಮನೆಯ ಪಕ್ಕದಲ್ಲಿಯೇ ‘ಸಣ್ಣಪ್ಪ’ ಎನ್ನುವ ಮನೆಯಿದೆ. ‘ವೈನಿ’ಯ ನೆರೆಯಲ್ಲಿ ‘ಅತ್ತಿಗಿ’ ಇದ್ದಾಳೆ. ಧಾರವಾಡದ ಕನ್ನಡದಲ್ಲಿ ಜಾತಿ ಸಮುದಾಯಗಳಿಗೆ ತಕ್ಕಂತೆ ಉಪಭಾಷೆಗಳು ಕವಲೊಡೆದಿರುವುದನ್ನು ವಿಲಿಯಂ ಮೆಕಾರ್ಮಕ್ 1960ರಲ್ಲಿಯೇ ತೋರಿಸಿಕೊಟ್ಟರು. ‘ಐತಿ’ ಎನ್ನುವವನನ್ನೂ ‘ಅದ’ ಎನ್ನುವವನನ್ನೂ ಒಂದೇ ಗಂಟಿನಲ್ಲಿ ಕಟ್ಟಿ ‘ಹುಬ್ಬಳ್ಳಿ ಕಡೆಯ ಮಾತು’ ಎಂದು ನಗುವ ಪರಿಪಾಠ ನಾಟಕ ಸಿನಿಮಾಗಳಲ್ಲಿ ಮಾತ್ರವಲ್ಲ, ಅಧ್ಯಾಪಕರ ಕೊಠಡಿಗಳಲ್ಲಿಯೂ ಉಂಟು.

ಇಷ್ಟು ಹೇಳಿದ ಮೇಲೆ, ಬೆರಕೆಯನ್ನು ವಿರೋಧಿಸಿದ ಹಿರಿಯರನ್ನು ನಾವು ಹಳಿಯುತ್ತಿದ್ದೇವೆಂದು ಯಾರೂ ತಿಳಿಯಬಾರದು. ಅವರ ಸಿಟ್ಟಿಗೆ ಕಾರಣ ಬಲವಾಗಿಯೇ ಇದ್ದಿತು. ಮುಂಬಯಿ ಆಡಳಿತದ ಮೊದಲ ದಶಕಗಳಲ್ಲಿ ಈ ಭಾಗದ ಶಾಲೆಯೂ ದಫ್ತರವೂ ಮರಾಠಿಯ ಕೈಯಲ್ಲಿದ್ದವು. ಮೋಡಿ ಲಿಪಿಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ ಒಕ್ಕಲಿಗನಿಗೆ ತನ್ನ ಹೊಲ ತನ್ನಲ್ಲಿ ಉಳಿಯಿತೋ ಹೋಯಿತೋ ಇನ್ನೊಬ್ಬನು ಓದಿ ಹೇಳಬೇಕು. ಇಂಗ್ಲಿಷ್ ದಾಖಲೆಗಳಲ್ಲಿ ಈ ಕನ್ನಡ ಸೀಮೆಗೆ ‘ದಕ್ಷಿಣ ಮರಾಠಾ ದೇಶ’ ಎಂದೇ ಹೆಸರು. ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ಪಟ್ಟ ಪಾಡು, 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ ಸಂದರ್ಭ, ಇವನ್ನು ನೆನೆದರೆ ‘ಮರಾಠಿ ಪದ’ವೆಂದೊಡನೆ ಅವರ ಮೈ ಉರಿಯುತ್ತಿದ್ದುದು ಆಶ್ಚರ್ಯವಲ್ಲ. ಆದರೆ ಆ ಹೋರಾಟ ಶಾಲೆಯನ್ನು, ಲಿಪಿಯನ್ನು, ಕಚೇರಿಯ ಭಾಷೆಯನ್ನು ಕುರಿತದ್ದು. ಅದಕ್ಕಾಗಿ ಹದಗೊಳಿಸಿದ ಆಯುಧ, ಹೋರಾಟ ಗೆದ್ದ ಮೇಲೆ, ಯಾವ ಒಕ್ಕಲಿಗನಿಗಾಗಿ ಅದನ್ನು ಎತ್ತಿದ್ದರೋ ಅವನ ಮಗನ ಉತ್ತರಪತ್ರಿಕೆಯ ಮೇಲೆಯೇ ಬಿದ್ದಿತು. ಇನ್ನೊಂದು ಸಂಗತಿಯೂ ಗಮನಾರ್ಹ: ಧಾರವಾಡದ ಹಿರಿಯ ಲೇಖಕರು ‘ಮಾಡುವದು’, ‘ಹೋಗುವದು’ ಎಂದೇ ಬರೆದು ಅಚ್ಚು ಹಾಕಿಸುತ್ತಿದ್ದರು. ಏಕೀಕರಣದ ನಂತರದ ಪಠ್ಯಗಳಲ್ಲಿ ಆ ವಕಾರದ ಮೇಲೆ ಉಕಾರ ಏರಿತು. ಬೆರಕೆಯ ಸೋಂಕೂ ಇಲ್ಲದ ಅಚ್ಚಗನ್ನಡ ರೂಪವೊಂದು ಹೀಗೆ ಹಿಂದೆ ಸರಿದುದನ್ನು ನೋಡಿದರೆ, ತಿದ್ದುಪಡಿಯ ಹಿಂದಿನ ಮಾನದಂಡ ಶುದ್ಧಿಯದಲ್ಲವೆಂಬ ನಮ್ಮ ಮಾತಿಗೆ ಇನ್ನೊಂದು ಆಧಾರ ದೊರೆಯುತ್ತದೆ.

ಸವಣೂರಿನ ದೊಡ್ಡಹುಣಸೆ ಕಲ್ಮಠದ ಆವರಣದಲ್ಲಿ ಹೆಸರಾದ ಮಹಾವೃಕ್ಷಗಳಿವೆ. ಅವು ಹುಣಸೆಯ ಜಾತಿಯವಲ್ಲ. ಆಫ್ರಿಕ ಖಂಡದ ಬಾವೊಬಾಬ್ ಮರಗಳು. ಎಂದೋ ಕಡಲು ದಾಟಿ ಬಂದ ಆ ಮರಕ್ಕೆ ನಮ್ಮ ಜನ ‘ದೊಡ್ಡಹುಣಸೆ’ ಎಂದು ಹೆಸರಿಟ್ಟು ಮಠಕ್ಕೂ ಅದೇ ಹೆಸರನ್ನು ಕೊಟ್ಟರು. ಹೆಸರು ಕನ್ನಡ, ವಸ್ತು ಪರದೇಶಿ. ‘ಕಿಮ್ಮತ್ತಿ’ನಲ್ಲಿ ಇದರ ತಿರುವುಮುರುವು. ಆ ಮರದ ತವರುಗಳಲ್ಲೊಂದಾದ ದಕ್ಷಿಣ ಆಫ್ರಿಕದ ಇಂಗ್ಲಿಷಿನಲ್ಲಿ ನಡೆದುದನ್ನು ನಮ್ಮ ಸಂಗತಿಯೊಡನೆ ಹೋಲಿಸಬಹುದು. ಅಲ್ಲಿಯ ಇಂಗ್ಲಿಷ್ ಮಾತುಗಾರರು ಬಯಲಲ್ಲಿ ಕೆಂಡದ ಮೇಲೆ ಮಾಂಸ ಸುಡುವುದಕ್ಕೆ ಆಫ್ರಿಕಾನ್ಸ್ ಭಾಷೆಯ ‘ಬ್ರಾಯ್’ ಎಂಬ ಮಾತನ್ನೂ, ರುಚಿಯಾದುದಕ್ಕೂ ಸೊಗಸಾದುದಕ್ಕೂ ‘ಲೆಕ್ಕರ್’ ಎಂಬುದನ್ನೂ, ಸಭೆ ಸಮಾಲೋಚನೆಗೆ ಜುಲು ಭಾಷೆಯ ‘ಇಂಡಾಬ’ವನ್ನೂ, ಹೌದೆನ್ನಲು ‘ಯೆಬೊ’ವನ್ನೂ ದಿನಬಳಕೆಯಲ್ಲಿ ಇಟ್ಟುಕೊಂಡಿದ್ದಾರೆ. ಆಫ್ರಿಕಾನ್ಸ್ ಅಲ್ಲಿ ಆಳುವವರ ಭಾಷೆಯಾಗಿದ್ದಿತು. ಅದನ್ನು ಶಿಕ್ಷಣ ಮಾಧ್ಯಮವಾಗಿ ಹೇರಿದುದನ್ನು ವಿರೋಧಿಸಿ 1976ರ ಜೂನ್ ತಿಂಗಳಲ್ಲಿ ಸೊವೆಟೊದ ಶಾಲಾಮಕ್ಕಳು ಬೀದಿಗಿಳಿದರು, ಗುಂಡಿಗೆ ಬಲಿಯಾದರು. ಹೇರಿಕೆಯ ನೆನಪು ಅಲ್ಲಿ ಮಾಸಿಲ್ಲ. ಆ ಪದಗಳೂ ಬಾಯಿಂದ ಬಿದ್ದುಹೋಗಿಲ್ಲ. 1996ರಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯ ಪ್ರಕಟಿಸಿದ, ಐತಿಹಾಸಿಕ ಕ್ರಮದ ದಕ್ಷಿಣ ಆಫ್ರಿಕದ ಇಂಗ್ಲಿಷ್ ನಿಘಂಟಿನಲ್ಲಿ ಇಂಥ ಪದಗಳ ಪ್ರಯೋಗಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಲಾಗಿದೆ. ನಮ್ಮ ವಿದ್ಯಾರ್ಥಿಗಳು ರಜೆಯಲ್ಲಿ ಮಲೆನಾಡಿಗೆ ‘ಟ್ರೆಕ್ಕಿಂಗ್’ ಹೋಗುವುದುಂಟಷ್ಟೆ; ಆ ‘ಟ್ರೆಕ್’ ಸಹ ಅಲ್ಲಿಯ ಎತ್ತಿನ ಬಂಡಿಗಳಿಂದ ಇಂಗ್ಲಿಷಿಗೆ ಏರಿ ಇಲ್ಲಿಗೆ ಬಂದಿದೆ. ಅದರ ಮೇಲೆ ನಾವು ಗೆರೆ ಎಳೆದುದು ನಮಗೆ ನೆನಪಿಲ್ಲ.

ನಮ್ಮಲ್ಲಿಯೂ ಇಂಥ ಕೆಲಸಕ್ಕೆ ಪೂರ್ವಸೂರಿಗಳು ಇಲ್ಲದಿಲ್ಲ. ಕಿಟ್ಟೆಲರು 1894ರ ತಮ್ಮ ನಿಘಂಟಿನಲ್ಲಿ ಹಿಂದೂಸ್ತಾನಿ, ಮರಾಠಿಗಳಿಂದ ಬಂದ ಪದಗಳಿಗೆ ಮೂ‌ಲದ ಗುರುತು ಹಾಕಿದರು, ಈ ಸೀಮೆಯ ಪ್ರಯೋಗಗಳಿಗೆ ಬೇರೆ ಸಂಕೇತವನ್ನು ಇಟ್ಟರು. ಗುರುತು ಹಾಕಿದರೇ ಹೊರತು ಹೊರಗೆ ಹಾಕಲಿಲ್ಲ. ಸಾಹಿತ್ಯದಲ್ಲಿ ಈ ಮಾತಿಗೆ ದೊರೆತ ಮನ್ನಣೆ ಮಾತ್ರ ವಿಚಿತ್ರವಾದುದು. ಶಿಗ್ಗಾಂವಿ ತಾಲೂಕಿನ ಶಿಶುನಾಳದ ಷರೀಫರ (1819–1889) ಹಾಡುಗಳಲ್ಲಿ ಕನ್ನಡ, ಉರ್ದು, ಮರಾಠಿ ಮಾತುಗಳು ಜಾತ್ರೆಯ ಜನದಂತೆ ಭುಜಕ್ಕೆ ಭುಜ ತಾಗಿಸಿ ನಡೆಯುತ್ತವೆ. ಅವರ ಭಾಷೆಯನ್ನು ಬೆರಕೆಯೆಂದು ಯಾರೂ ಅನ್ನಲಿಲ್ಲ. ಅನುಭಾವಕ್ಕೆ ಕೈಮುಗಿದವರು ಭಾಷೆಯನ್ನು ಕ್ಷಮಿಸಿದರು. ಈ ಕ್ಷಮೆಯೂ ಒಂದು ಬಗೆಯ ಅವಜ್ಞೆಯೇ. ಬೇಂದ್ರೆಯವರು ಧಾರವಾಡದ ಓಣಿಯ ಮಾತನ್ನು ಭಾವಗೀತೆಯ ಎತ್ತರಕ್ಕೆ ಒಯ್ದಾಗ ಕವಿಯ ಪ್ರತಿಭೆಯನ್ನು ಹೊಗಳಿದೆವು. ಅಂಥ ಎತ್ತರಕ್ಕೆ ಏರಬಲ್ಲ ಕಸುವು ಆ ಓಣಿಯ ಮಾತಿನಲ್ಲಿತ್ತೆಂಬುದನ್ನು ಅಷ್ಟು ಬೇಗ ಒಪ್ಪಲಿಲ್ಲ. ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು ತಮ್ಮ ಕಾವ್ಯಕ್ಕೆ ಬಹುಮಟ್ಟಿಗೆ ಸಂಸ್ಕೃತಪ್ರಚುರವಾದ ಗ್ರಂಥಭಾಷೆಯನ್ನೇ ಆಯ್ದುಕೊಂಡರು. ಅವರ ಅಧ್ಯಕ್ಷತೆಯ ಸಮಿತಿ 1981ರಲ್ಲಿ ವರದಿ ಕೊಟ್ಟು, ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಬೇಕೆಂಬ ಚಳವಳಿ ಅವರ ಹೆಸರಿನಿಂದಲೇ ನಡೆಯಿತು. ಆ ಸ್ಥಾನದಲ್ಲಿ ಕೂಡಬೇಕಾದುದು ಯಾವ ಕನ್ನಡವೆಂಬ ಪ್ರಶ್ನೆ ಆ ಗದ್ದಲದಲ್ಲಿ ಹಿಂದೆ ಉಳಿಯಿತು. ಸವಣೂರಿಗೆ ಸಮೀಪದ ಹತ್ತಿಮತ್ತೂರಿನ ಚಂದ್ರಶೇಖರ ಪಾಟೀಲರು ತಮ್ಮ ನಾಟಕಗಳಲ್ಲಿ ಈ ಮಾತಿನ ಕುಹಕವನ್ನೂ ಗಾಂಭೀರ್ಯವನ್ನೂ ದುಡಿಸಿಕೊಂಡರು. ನಮ್ಮ ದೃಷ್ಟಿಯಲ್ಲಿ ಇದು ಅವರ ಗಟ್ಟಿ ಕೊಡುಗೆಗಳಲ್ಲೊಂದು.

ಕಿವಿಗೆ ಬಿದ್ದುದೆಲ್ಲವನ್ನೂ ಪ್ರಬಂಧಕ್ಕೆ ಸೇರಿಸಬೇಕೆಂದು ನಮ್ಮ ಅಭಿಪ್ರಾಯವಲ್ಲ. ಎರಡು ಮಳೆಗಾಲ ಕಾಣದೆ ಸಾಯುವ ಹುಡುಗಾಟದ ಮಾತು ಎಲ್ಲ ಭಾಷೆಗಳಲ್ಲಿಯೂ ಹುಟ್ಟುತ್ತದೆ. ದಫ್ತರದ ಕನ್ನಡದಲ್ಲಿ ಬರೆದವನಿಗೂ ಅರ್ಥವಾಗದ ಎರವಲುಗಳು ಇನ್ನೂ ಇವೆ. ಅವುಗಳ ಮೇಲೆ ಕೆಂಪು ಗೆರೆ ಬಿದ್ದರೆ ನಮಗೆ ಸಂತೋಷವೇ. ನಮ್ಮ ಕಣ್ಣೆದುರಿಗೆ ‘ಪಗಾರ’ ‘ಸ್ಯಾಲರಿ’ಗೂ ‘ದವಾಖಾನಿ’ ‘ಹಾಸ್ಪಿಟಲ್ಲಿ’ಗೂ ಜಾಗ ಬಿಡುತ್ತಿರುವಾಗ, ತರಗತಿಯೂ ತನ್ನ ಕಡೆಯಿಂದ ಅವನ್ನು ಹೊರಗೆ ನೂಕುವುದು ಸಲ್ಲದು. ತಿದ್ದುವ ಮೊದಲು ಕೇಳಬೇಕಾದ ಪ್ರಶ್ನೆ ಪದ ಎಲ್ಲಿಂದ ಬಂದಿತೆಂಬುದಲ್ಲ. ನಾವು ಕೊಡುವ ಪದ ಅದರ ಅರ್ಥವನ್ನು ಪೂರ್ತಿಯಾಗಿ ಹೊರಬಲ್ಲುದೇ ಎಂಬುದು. ‘ಬರೋಬ್ಬರಿ’ಯನ್ನು ‘ಸರಿಯಾಗಿ’ ಎಂಬುದು ಹೊರಬಲ್ಲುದು. ಅಲ್ಲಿ ಆಯ್ಕೆ ಬರೆಯುವವನಿಗೆ ಸೇರಿದ್ದು. ‘ಹೈರಾಣ’ವನ್ನು ‘ಬಳಲಿಕೆ’ ಹೊರಲಾರದು.

ಆ ವಿದ್ಯಾರ್ಥಿಯ ಹಾಳೆಯನ್ನು ನಾವು ಮರಳಿ ಕೇಳಿ ಪಡೆದು, ನಾಲ್ಕು ತಿದ್ದುಪಡಿಗಳಲ್ಲಿ ನಾಲ್ಕನ್ನೂ ಹಿಂದಕ್ಕೆ ತೆಗೆದುಕೊಂಡೆವು. ಅಂದಿನಿಂದ ಪ್ರತಿ ವರ್ಷ ಈ ತಾಲೂಕುಗಳಿಂದ ಬರುವ ವಿದ್ಯಾರ್ಥಿಗಳಿಗೆ ದೀಪಾವಳಿಯ ರಜೆಯಲ್ಲಿ ಒಂದು ಕೆಲಸವನ್ನು ಒಪ್ಪಿಸುತ್ತಿದ್ದೇವೆ: ಮನೆಯಲ್ಲಿ, ಹೊಲದಲ್ಲಿ, ಸಂತೆಯಲ್ಲಿ ಕೇಳಿದ ಮಾತೊಂದನ್ನು ಚೀಟಿಯ ಮೇಲೆ ಬರೆದು, ಆಡಿದವರ ವಯಸ್ಸು, ಊರು, ಉದ್ಯೋಗ, ಆಡಿದ ಸಂದರ್ಭ ಇವನ್ನು ಕೆಳಗೆ ನಮೂದಿಸಿ ತರಬೇಕು. ಮೊದಲ ವರ್ಷ ಹಿರೇಕೆರೂರಿನ ಕಡೆಯಿಂದ ಬಂದ ಚೀಟಿಯೊಂದರಲ್ಲಿ ‘ಮಾಮಲೇದಾರ’ ಎಂಬ ಮಾತಿತ್ತು. ಕೆಳಗೆ ಬರೆದಿದ್ದುದು ಇಷ್ಟು: ಆಡಿದವರು ಅಜ್ಜಿ, ಸಂದರ್ಭ, ಹೇಳಿದ ಮಾತು ಕೇಳದೆ ಅಂಗಳದಲ್ಲಿ ಎದೆಯುಬ್ಬಿಸಿಕೊಂಡು ತಿರುಗುತ್ತಿದ್ದ ಮೊಮ್ಮಗನನ್ನು ಊಟಕ್ಕೆ ಕರೆದದ್ದು.